ಪರಿಸರ ಅಪಾಯ, ವಿಪತ್ತಿನ ಅಪಾಯ: ಎರಡನ್ನೂ ಬಿಡಿಸಿ ನೋಡಲು ಒಂದು ಹಂತವಾರು ಮಾರ್ಗದರ್ಶಿ

ಪರಿಸರ ಅಪಾಯ ಮತ್ತು ವಿಪತ್ತಿನ ಅಪಾಯ ಎಂಬುವು ಒಂದೇ ಸಂಗತಿಯ ಎರಡು ಹೆಸರುಗಳೇ, ಬೇರೆ ಬೇರೆಯೇ ಎಂದು ಓದುಗರು ಪದೇ ಪದೇ ಕೇಳುತ್ತಾರೆ. ಪರೀಕ್ಷೆಗೆ ಓದುತ್ತಿರುವವರು, ಯೋಜನಾ ವರದಿ ಸಿದ್ಧಪಡಿಸುವವರು, ತಾವಿರುವ ಜಾಗದ ಸುರಕ್ಷತೆಯ ಬಗ್ಗೆ ಆತಂಕಗೊಂಡವರು, ಎಲ್ಲರಿಗೂ ಈ ಗೊಂದಲವಿದೆ. ದಿನಬಳಕೆಯ ಮಾತಿನಲ್ಲಿ ನಾವು ಪ್ರವಾಹವನ್ನೂ ಅಪಾಯ ಎನ್ನುತ್ತೇವೆ, ಪ್ರವಾಹದಿಂದ ಆಗಬಹುದಾದ ನಷ್ಟವನ್ನೂ ಅಪಾಯ ಎನ್ನುತ್ತೇವೆ, ನದಿಯಂಚಿನಲ್ಲಿ ಮನೆ ಕಟ್ಟಿಕೊಂಡ ಸ್ಥಿತಿಯನ್ನೂ ಅಪಾಯ ಎಂದೇ ಕರೆಯುತ್ತೇವೆ. ಮಾತಿನಲ್ಲಿ ಇದರಿಂದ ತೊಂದರೆಯಿಲ್ಲ. ಆದರೆ ಯಾವುದನ್ನು ತಡೆಯಬೇಕು, ಯಾವುದನ್ನು ಬದಲಾಯಿಸಬೇಕು, ಯಾರನ್ನು ಮೊದಲು ರಕ್ಷಿಸಬೇಕು ಎಂದು ನಿರ್ಧರಿಸುವ ಹೊತ್ತಿಗೆ ಈ ಮೂರನ್ನೂ ಬಿಡಿಸಿ ನೋಡದಿದ್ದರೆ ಹಣವೂ ಶ್ರಮವೂ ತಪ್ಪು ಜಾಗಕ್ಕೆ ಹೋಗುತ್ತವೆ, ಉಳಿಯಬಹುದಾಗಿದ್ದ ಜೀವಗಳು ಉಳಿಯುವುದಿಲ್ಲ.

ಕೆಳಗಿನ ಹಂತಗಳನ್ನು ಅನುಸರಿಸಲು ನಿಮಗೆ ಬೇಕಾದದ್ದು ಸ್ವಲ್ಪವೇ: ಒಂದು ನಿರ್ದಿಷ್ಟ ಜಾಗ, ಒಂದು ನಿರ್ದಿಷ್ಟ ಕಾಲಾವಧಿ, ಬರೆದುಕೊಳ್ಳಲು ಒಂದು ಹಾಳೆ. "ಜಗತ್ತಿನ ಅಪಾಯ" ಎಂದು ಆರಂಭಿಸಿದರೆ ಎಲ್ಲಿಗೂ ತಲುಪುವುದಿಲ್ಲ. "ಈ ನದೀಪಾತ್ರದ ಈ ಭಾಗ, ಮುಂದಿನ ಮೂವತ್ತು ವರ್ಷ" ಎಂದು ಆರಂಭಿಸಿ.

1. ಗಂಡಾಂತರ ಮತ್ತು ಅಪಾಯವನ್ನು ಬೇರ್ಪಡಿಸಿ

ತಜ್ಞರು ಹಜಾರ್ಡ್ ಎನ್ನುವುದನ್ನು ಇಲ್ಲಿ ಗಂಡಾಂತರ ಎಂದೂ ರಿಸ್ಕ್ ಎನ್ನುವುದನ್ನು ಅಪಾಯ ಎಂದೂ ಕರೆಯುತ್ತೇನೆ. ಗಂಡಾಂತರವೆಂದರೆ ಹಾನಿ ಮಾಡಬಲ್ಲ ಘಟನೆ, ಪ್ರಕ್ರಿಯೆ ಅಥವಾ ವಸ್ತು: ಭೂಕಂಪ, ಚಂಡಮಾರುತ, ಬರ, ವಿಷಾನಿಲ, ನೀರಿನಲ್ಲಿ ಕರಗಿರುವ ಆರ್ಸೆನಿಕ್ ಎಂಬ ವಿಷ. ಅಪಾಯವೆಂದರೆ ಆ ಗಂಡಾಂತರದಿಂದ ಒಂದು ಸಮುದಾಯಕ್ಕೆ ಅಥವಾ ವ್ಯವಸ್ಥೆಗೆ ಒಂದು ಕಾಲಾವಧಿಯಲ್ಲಿ ಆಗಬಹುದಾದ ನಷ್ಟ. ವಿಶ್ವಸಂಸ್ಥೆಯ ಪರಿಭಾಷೆಯಲ್ಲಿ ವಿಪತ್ತಿನ ಅಪಾಯವು ನಾಲ್ಕು ಅಂಶಗಳಿಂದ ನಿರ್ಧಾರವಾಗುತ್ತದೆ: ಗಂಡಾಂತರ, ಒಡ್ಡಿಕೆ, ದುರ್ಬಲತೆ ಮತ್ತು ಸಾಮರ್ಥ್ಯ. ಉಳಿದ ಮೂರನ್ನು ಮುಂದಿನ ಹಂತಗಳಲ್ಲಿ ನೋಡೋಣ.

ಯಾರೂ ವಾಸಿಸದ, ಯಾರ ಬದುಕೂ ಅವಲಂಬಿಸದ ದ್ವೀಪದಲ್ಲಿ ಜ್ವಾಲಾಮುಖಿ ಸಿಡಿದರೆ ಗಂಡಾಂತರ ದೊಡ್ಡದೇ, ಆದರೆ ಮನುಷ್ಯರ ಮಟ್ಟಿಗೆ ವಿಪತ್ತಿನ ಅಪಾಯ ಇಲ್ಲವೆನ್ನುವಷ್ಟು ಕಡಿಮೆ. ಇದಕ್ಕೆ ಎದುರಾಗಿ 2010ರ ಎರಡು ಭೂಕಂಪಗಳನ್ನು ಇಟ್ಟು ನೋಡಿ. ಆ ವರ್ಷ ಜನವರಿ 12ರಂದು ಹೈಟಿಯಲ್ಲಿ 7.0 ತೀವ್ರತೆಯ ಭೂಕಂಪವಾಯಿತು. ಸತ್ತವರ ಅಂದಾಜುಗಳಲ್ಲಿ ದೊಡ್ಡ ವ್ಯತ್ಯಾಸವಿದ್ದರೂ ಅತಿ ಕಡಿಮೆ ಹೇಳುವ ಲೆಕ್ಕಗಳೂ ಹತ್ತಾರು ಸಾವಿರದಲ್ಲಿವೆ. ಫೆಬ್ರವರಿ 27ರಂದು ಚಿಲಿಯಲ್ಲಿ 8.8 ತೀವ್ರತೆಯ ಭೂಕಂಪವಾಯಿತು. ತೀವ್ರತೆಯ ಮಾಪನದಲ್ಲಿ ಒಂದು ಅಂಕ ಏರಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 32 ಪಟ್ಟು ಏರುತ್ತದೆ. ಆ ಲೆಕ್ಕದಲ್ಲಿ ಚಿಲಿಯ ಭೂಕಂಪ ಸುಮಾರು 500 ಪಟ್ಟು ಶಕ್ತಿಯುತವಾಗಿತ್ತು. ಅಲ್ಲಿ ಸತ್ತವರು ಐನೂರು ಚಿಲ್ಲರೆ ಮಂದಿ.

ಈ ಹೋಲಿಕೆಯನ್ನು ಅರ್ಧಕ್ಕೇ ನಿಲ್ಲಿಸಿ "ಚಿಲಿಯಲ್ಲಿ ಕಟ್ಟಡಗಳು ಗಟ್ಟಿ, ಹೈಟಿಯಲ್ಲಿ ದುರ್ಬಲ" ಎಂದು ಮುಗಿಸುವವರು ಬಹಳ. ಅದು ನಿಜ, ಆದರೆ ಪೂರ್ತಿ ನಿಜವಲ್ಲ. ಹೈಟಿಯ ಭೂಕಂಪ ನೆಲದ ಮೇಲ್ಭಾಗಕ್ಕೆ ಹತ್ತಿರದಲ್ಲಿ, ಕಿಕ್ಕಿರಿದ ರಾಜಧಾನಿ ಪೋರ್ಟ್-ಒ-ಪ್ರಿನ್ಸ್‌ನ ಪಕ್ಕದಲ್ಲೇ ಸಂಭವಿಸಿತು. ಚಿಲಿಯದು ಕರಾವಳಿಯಾಚೆ, ಹೆಚ್ಚು ಆಳದಲ್ಲಿ. ಅಂದರೆ ಕಟ್ಟಡದ ಗುಣಮಟ್ಟವೂ ಜನರಿದ್ದ ಜಾಗವೂ ಎರಡೂ ಸೇರಿ ಆ ವ್ಯತ್ಯಾಸವನ್ನು ಉಂಟುಮಾಡಿದವು.

2. ಯಾರು, ಏನು, ಎಲ್ಲಿ: ಒಡ್ಡಿಕೆಯನ್ನು ಗುರುತಿಸಿ

ಗಂಡಾಂತರ ತಲುಪಬಲ್ಲ ಜಾಗದಲ್ಲಿ ಇರುವ ಜನ, ಮನೆ, ಬೆಳೆ, ರಸ್ತೆ, ಆಸ್ಪತ್ರೆ, ಜೀವಸಂಕುಲ ಇವೆಲ್ಲ ಸೇರಿ ಒಡ್ಡಿಕೆ. ಹಾಳೆಯ ಮೇಲೆ ಇವುಗಳ ಪಟ್ಟಿ ಮಾಡುವಾಗ ಒಂದು ಎಚ್ಚರಿಕೆ ಬೇಕು: ಒಡ್ಡಿಕೆ ದಿನದ ಹೊತ್ತಿಗೂ ಋತುವಿಗೂ ತಕ್ಕಂತೆ ಬದಲಾಗುತ್ತದೆ. ಹಗಲು ಶಾಲೆಯಲ್ಲಿ ಇನ್ನೂರು ಮಕ್ಕಳಿರುತ್ತಾರೆ, ರಾತ್ರಿ ಒಬ್ಬರೂ ಇರುವುದಿಲ್ಲ. ಜನಗಣತಿಯ ಸಂಖ್ಯೆ ಜನ ಮಲಗುವ ಜಾಗವನ್ನು ಹೇಳುತ್ತದೆ, ದುಡಿಯುವ ಜಾಗವನ್ನಲ್ಲ.

3. ದುರ್ಬಲತೆ ಮತ್ತು ಸಾಮರ್ಥ್ಯದ ಮೇಲೆ ಹೆಚ್ಚು ಸಮಯ ಕಳೆಯಿರಿ

ಒಂದೇ ಗಂಡಾಂತರಕ್ಕೆ ಒಂದೇ ಜಾಗದಲ್ಲಿ ಒಡ್ಡಿಕೊಂಡ ಇಬ್ಬರಲ್ಲಿ ಒಬ್ಬರು ಬದುಕಿ ಒಬ್ಬರು ಸಾಯುತ್ತಾರೆ. ಆ ವ್ಯತ್ಯಾಸಕ್ಕೆ ಕಾರಣವಾದ ಭೌತಿಕ, ಸಾಮಾಜಿಕ, ಆರ್ಥಿಕ ಸ್ಥಿತಿಗಳನ್ನು ದುರ್ಬಲತೆ ಎನ್ನುತ್ತಾರೆ. ಹಾನಿಯನ್ನು ತಗ್ಗಿಸಲು, ತಾಳಿಕೊಳ್ಳಲು, ಚೇತರಿಸಿಕೊಳ್ಳಲು ಒದಗುವ ಬಲವೇ ಸಾಮರ್ಥ್ಯ. ಇಡೀ ಲೆಕ್ಕದಲ್ಲಿ ಮನುಷ್ಯ ಪ್ರಯತ್ನಕ್ಕೆ ಅತಿ ಹೆಚ್ಚು ಒಲಿಯುವ ಭಾಗ ಇದೇ ಎಂಬುದು ನನ್ನ ದೃಢ ನಂಬಿಕೆ. ವರದಿಗಳಲ್ಲಿ ಒಂದು ಪುಟದಲ್ಲಿ ಮುಗಿದುಹೋಗುವ ಭಾಗವೂ ಇದೇ.

2003ರ ಬೇಸಿಗೆಯಲ್ಲಿ ಯುರೋಪಿನಲ್ಲಿ ಬೀಸಿದ ಬಿಸಿಗಾಳಿಗೆ 70,000ಕ್ಕೂ ಹೆಚ್ಚು ಜನ ಬಲಿಯಾದರೆಂದು ಅಂದಾಜಿದೆ. ಶ್ರೀಮಂತ ದೇಶಗಳಲ್ಲಿ, ಉತ್ತಮ ಆಸ್ಪತ್ರೆಗಳಿರುವ ನಗರಗಳಲ್ಲಿ ಇದು ನಡೆಯಿತು. ಸತ್ತವರಲ್ಲಿ ಹೆಚ್ಚಿನವರು ವಯಸ್ಸಾದವರು, ಅವರಲ್ಲೂ ಒಂಟಿಯಾಗಿದ್ದವರು ಬಹಳ. ಮನೆ ಕುಸಿಯಲಿಲ್ಲ, ಸೇತುವೆ ಮುರಿಯಲಿಲ್ಲ. ಹಗಲಿನ ಬಿಸಿಯನ್ನು ಹಿಡಿದಿಟ್ಟುಕೊಂಡ ಮೇಲ್ಮಹಡಿಯ ಕೋಣೆ ರಾತ್ರಿಯೂ ತಣಿಯಲಿಲ್ಲ, ಬಾಗಿಲು ತಟ್ಟಿ ನೀರು ಕುಡಿದಿರಾ ಎಂದು ಕೇಳುವವರು ಇರಲಿಲ್ಲ. ಮರುವರ್ಷ ಫ್ರಾನ್ಸ್ ಬಿಸಿಗಾಳಿ ಮುನ್ನೆಚ್ಚರಿಕೆಯ ರಾಷ್ಟ್ರೀಯ ಯೋಜನೆಯನ್ನು ಜಾರಿಗೆ ತಂದಿತು. ಒಂಟಿಯಾಗಿರುವ ವೃದ್ಧರ ಹೆಸರು ನೋಂದಾಯಿಸಿಕೊಂಡು ಬಿಸಿಲಿನ ದಿನಗಳಲ್ಲಿ ಅವರನ್ನು ಸಂಪರ್ಕಿಸುವುದು ಅದರ ಒಂದು ಅಂಗ.

ಸಾಮರ್ಥ್ಯ ಬೆಳೆದರೆ ಏನಾಗುತ್ತದೆ ಎಂಬುದಕ್ಕೆ ಬಂಗಾಳ ಕೊಲ್ಲಿಯ ತೀರವೇ ಸಾಕ್ಷಿ. 1970ರ ನವೆಂಬರ್‌ನ ಭೋಲಾ ಚಂಡಮಾರುತದಲ್ಲಿ, ಅಂದಿನ ಪೂರ್ವ ಪಾಕಿಸ್ತಾನದಲ್ಲಿ, ಸುಮಾರು ಮೂರು ಲಕ್ಷ ಅಥವಾ ಅದಕ್ಕೂ ಹೆಚ್ಚು ಜನ ಸತ್ತರು. ಬಳಿಕ ಬಾಂಗ್ಲಾದೇಶವು ಸ್ವಯಂಸೇವಕರ ಮೂಲಕ ಹಳ್ಳಿ ಹಳ್ಳಿಗೆ ಎಚ್ಚರಿಕೆ ಮುಟ್ಟಿಸುವ ವ್ಯವಸ್ಥೆಯನ್ನು ಕಟ್ಟಿತು. ಕಂಬಕ್ಕೆ ಏರಿಸುವ ಬಾವುಟ, ಕೈಯಲ್ಲಿ ಹಿಡಿಯುವ ಧ್ವನಿವರ್ಧಕ, ಕಾಂಕ್ರೀಟಿನ ಎತ್ತರದ ಆಶ್ರಯ ಕಟ್ಟಡ ಇವೇ ಅದರ ಸಾಧನಗಳು. 1991ರ ಚಂಡಮಾರುತದಲ್ಲಿ ಇನ್ನೂ ಸುಮಾರು 1,38,000 ಮಂದಿ ಸತ್ತರು. 2007ರಲ್ಲಿ ಬಂದ ಪ್ರಬಲವಾದ ಸಿದ್ರ್ ಚಂಡಮಾರುತದಲ್ಲಿ ಸಾವುಗಳು ಕೆಲವು ಸಾವಿರಕ್ಕೆ ಇಳಿದವು. ಆ ಕೆಲವು ಸಾವಿರವೂ ದೊಡ್ಡ ದುಃಖವೇ. ಆದರೆ ಈ ಅವಧಿಯಲ್ಲಿ ಕಡಲು ಶಾಂತವಾಗಲಿಲ್ಲ, ತೀರದ ಜನಸಂಖ್ಯೆ ಕಡಿಮೆಯಾಗಲೂ ಇಲ್ಲ ಎಂಬುದನ್ನು ಗಮನಿಸಿ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಎಂದರೆ "ಬಡವರೆಲ್ಲ ದುರ್ಬಲರು" ಎಂದು ಒಂದೇ ಸಾಲಿನಲ್ಲಿ ಬರೆದುಬಿಡುವುದು. ದುರ್ಬಲತೆ ಯಾವಾಗಲೂ ಒಂದು ನಿರ್ದಿಷ್ಟ ಗಂಡಾಂತರಕ್ಕೆ ಸಂಬಂಧಿಸಿದ್ದು. ಭಾರವಾದ ಕಲ್ಲುಮಣ್ಣಿನ ಮನೆ ಭೂಕಂಪಕ್ಕೆ ದುರ್ಬಲ, ಆದರೆ ಬಿಸಿಲನ್ನು ಚೆನ್ನಾಗಿ ತಡೆಯಬಹುದು. 1991ರ ಆ ಚಂಡಮಾರುತದಲ್ಲಿ ಸತ್ತವರಲ್ಲಿ ಹೆಂಗಸರು ಗಂಡಸರಿಗಿಂತ ಬಹಳ ಹೆಚ್ಚಾಗಿದ್ದರು. ಒಂದೇ ಮನೆಯ, ಒಂದೇ ಆದಾಯದ ಜನರ ನಡುವೆಯೂ ಈ ಅಂತರವಿತ್ತು. ಆದ್ದರಿಂದ ಪಟ್ಟಿಯಲ್ಲಿ "ಯಾರು, ಯಾವುದಕ್ಕೆ, ಏಕೆ" ಎಂಬ ಮೂರು ಅಂಕಣಗಳಿರಲಿ.

4. ಪರಿಸರ ಅಪಾಯಕ್ಕೆ ಮೂಲ, ಹಾದಿ, ಬಾಧಿತರನ್ನು ಹುಡುಕಿ

ಪರಿಸರ ಅಪಾಯ ಎಂಬ ಮಾತನ್ನು ಕನಿಷ್ಠ ಎರಡು ಅರ್ಥಗಳಲ್ಲಿ ಬಳಸುತ್ತಾರೆ. ಮನುಷ್ಯ ಚಟುವಟಿಕೆಯಿಂದ ಮಣ್ಣು, ನೀರು, ಗಾಳಿ, ಜೀವಿಗಳಿಗೆ ಆಗಬಹುದಾದ ಹಾನಿ ಒಂದು. ಕೆಟ್ಟ ಗಾಳಿ, ನೀರು, ಮಣ್ಣಿನ ಮೂಲಕ ಮನುಷ್ಯನ ಆರೋಗ್ಯಕ್ಕೆ ಆಗಬಹುದಾದ ಹಾನಿ ಇನ್ನೊಂದು. ನೀವು ಓದುತ್ತಿರುವ ಅಥವಾ ಬರೆಯುತ್ತಿರುವ ವರದಿ ಯಾವುದರ ಬಗ್ಗೆ ಎಂದು ಮೊದಲೇ ಗುರುತು ಹಾಕಿಕೊಳ್ಳಿ.

ಎರಡಕ್ಕೂ ವಿಶ್ಲೇಷಣೆಯ ಕ್ರಮ ಒಂದೇ. ಮಾಲಿನ್ಯ ಹೊರಡುವ ಜಾಗ ಮೂಲ. ಅದು ಸಾಗುವ ದಾರಿ ಹಾದಿ. ಅದು ಕೊನೆಗೆ ಮುಟ್ಟುವ ವ್ಯಕ್ತಿ, ಜೀವಿ ಅಥವಾ ವ್ಯವಸ್ಥೆ ಬಾಧಿತ. ಮೂರೂ ಕೊಂಡಿ ಸೇರಿದರೆ ಮಾತ್ರ ಅಪಾಯ. ಒಂದು ಕೊಂಡಿ ಕಳಚಿದರೂ ಅಪಾಯ ಇಲ್ಲವಾಗುತ್ತದೆ ಅಥವಾ ತೀರಾ ತಗ್ಗುತ್ತದೆ. ಜಪಾನಿನ ಮಿನಮಾಟದಲ್ಲಿ ಕಾರ್ಖಾನೆಯೊಂದರ ತ್ಯಾಜ್ಯ ನೀರಿನೊಂದಿಗೆ ಮೀಥೈಲ್ ಪಾದರಸ ಕೊಲ್ಲಿಗೆ ಸೇರುತ್ತಿತ್ತು. ನೀರಿನಲ್ಲಿ ಅದರ ಪ್ರಮಾಣ ಅತ್ಯಲ್ಪ. ಆದರೆ ಸೂಕ್ಷ್ಮಜೀವಿಯಿಂದ ಚಿಕ್ಕ ಮೀನಿಗೆ, ಚಿಕ್ಕ ಮೀನಿನಿಂದ ದೊಡ್ಡ ಮೀನಿಗೆ ಸಾಗುವ ಪ್ರತಿ ಮೆಟ್ಟಿಲಲ್ಲೂ ಅದರ ಸಾಂದ್ರತೆ ಏರುತ್ತಾ ಹೋಯಿತು. ಇದನ್ನು ಜೈವಿಕ ವರ್ಧನೆ ಎನ್ನುತ್ತಾರೆ. ಮೀನು ತಿಂದ ಬೆಕ್ಕುಗಳು ಮೊದಲು ತೂರಾಡಿದವು, ಆಮೇಲೆ ಮನುಷ್ಯರ ಕೈಕಾಲು ನಡುಗತೊಡಗಿದವು, ಮಾತು ತೊದಲತೊಡಗಿತು. ಕಾಯಿಲೆ ಅಧಿಕೃತವಾಗಿ ಗುರುತಾದದ್ದು 1956ರಲ್ಲಿ. ತ್ಯಾಜ್ಯ ಬಿಡುವುದು ನಿಂತದ್ದು 1968ರಲ್ಲಿ. ಮೂಲವನ್ನಾಗಲಿ ಹಾದಿಯನ್ನಾಗಲಿ ಕಡಿದುಹಾಕಲು ನಡುವೆ ಹನ್ನೆರಡು ವರ್ಷಗಳಿದ್ದವು.

ಹಾದಿ ಗೊತ್ತಾದ ಮೇಲೆ ಪ್ರಮಾಣ ಮತ್ತು ಕಾಲ ಎರಡನ್ನೂ ಕೇಳಬೇಕು. ಎಷ್ಟು ಪ್ರಮಾಣಕ್ಕೆ ಎಷ್ಟು ಹಾನಿ ಎಂಬ ಸಂಬಂಧವನ್ನು ಪ್ರಮಾಣ–ಪರಿಣಾಮ ಸಂಬಂಧ ಎನ್ನುತ್ತಾರೆ. ಗಾಳಿಯಲ್ಲಿ ತೇಲುವ, 2.5 ಮೈಕ್ರೋಮೀಟರ್‌ಗಿಂತ ಸಣ್ಣ ಕಣಗಳಿಗೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲಿ ಎರಡು ಸಂಖ್ಯೆಗಳಿವೆ: ವಾರ್ಷಿಕ ಸರಾಸರಿಗೆ ಘನಮೀಟರ್‌ಗೆ 5 ಮೈಕ್ರೋಗ್ರಾಂ, 24 ಗಂಟೆಯ ಸರಾಸರಿಗೆ 15 ಮೈಕ್ರೋಗ್ರಾಂ. ಒಂದು ದಿನದ ಅಳತೆಯನ್ನು ವಾರ್ಷಿಕ ಮಿತಿಯೊಂದಿಗೆ ಹೋಲಿಸಿ ಗಾಬರಿಪಡುವವರನ್ನೂ, ವರ್ಷದ ಸರಾಸರಿಯನ್ನು ದಿನದ ಮಿತಿಯೊಂದಿಗೆ ಹೋಲಿಸಿ ಸಮಾಧಾನಪಡುವವರನ್ನೂ ನೋಡುತ್ತಲೇ ಇರುತ್ತೇವೆ. ಎರಡೂ ತಪ್ಪು, ಎರಡನೆಯದು ಹೆಚ್ಚು ಹಾನಿಕರ. ಸೀಸದಂಥ ಕೆಲವು ವಸ್ತುಗಳಿಗಂತೂ ಇಷ್ಟರವರೆಗೆ ಸುರಕ್ಷಿತ ಎಂದು ಹೇಳಬಹುದಾದ ಮಿತಿಯೇ ಪತ್ತೆಯಾಗಿಲ್ಲ. ಕಲ್ನಾರು ಎಂದು ಕರೆಯುವ ಆಸ್ಬೆಸ್ಟಾಸ್‌ನ ಎಳೆಗಳು ಶ್ವಾಸಕೋಶ ಸೇರಿ ಕ್ಯಾನ್ಸರ್ ಕಾಣಿಸಿಕೊಳ್ಳಲು ಇಪ್ಪತ್ತರಿಂದ ಐವತ್ತು ವರ್ಷ ಹಿಡಿಯಬಹುದು. "ಇಲ್ಲಿಯವರೆಗೆ ಯಾರಿಗೂ ಏನೂ ಆಗಿಲ್ಲ" ಎಂಬ ವಾದವನ್ನು ಇಂಥ ವಸ್ತುಗಳ ವಿಷಯದಲ್ಲಿ ಒಪ್ಪಲೇಬೇಡಿ.

5. ಸಂಭವನೀಯತೆಯ ಸಂಖ್ಯೆಗಳನ್ನು ಸರಿಯಾಗಿ ಓದಿ

"ನೂರು ವರ್ಷಕ್ಕೊಮ್ಮೆ ಬರುವ ಪ್ರವಾಹ" ಎಂಬ ಮಾತು ಓದುಗರನ್ನು ದಾರಿ ತಪ್ಪಿಸಿದಷ್ಟು ಈ ಕ್ಷೇತ್ರದ ಬೇರೆ ಯಾವ ಮಾತೂ ತಪ್ಪಿಸಿಲ್ಲ. ತಾಂತ್ರಿಕವಾಗಿ ಇದನ್ನು ಮರುಕಳಿಕೆ ಅವಧಿ ಎನ್ನುತ್ತಾರೆ. ಒಮ್ಮೆ ಬಂದುಹೋದರೆ ಇನ್ನು ನೂರು ವರ್ಷ ನಿಶ್ಚಿಂತೆ ಎಂದು ಅದರ ಅರ್ಥವಲ್ಲ. ಯಾವುದೇ ಒಂದು ವರ್ಷದಲ್ಲಿ ಅಷ್ಟು ಅಥವಾ ಅದಕ್ಕಿಂತ ದೊಡ್ಡ ಪ್ರವಾಹ ಬರುವ ಸಾಧ್ಯತೆ ಶೇ. 1 ಎಂದು ಅರ್ಥ. ಈ ವರ್ಷ ಬಂದದ್ದು ಮುಂದಿನ ವರ್ಷವೂ ಬರಬಹುದು.

ಲೆಕ್ಕವನ್ನು ನೀವೇ ಮಾಡಿ ನೋಡಿ. ಒಂದು ವರ್ಷ ಪ್ರವಾಹ ಬಾರದಿರುವ ಸಾಧ್ಯತೆ 0.99. ಮೂವತ್ತು ವರ್ಷವೂ ಬಾರದಿರುವ ಸಾಧ್ಯತೆ 0.99 ಅನ್ನು ಮೂವತ್ತು ಬಾರಿ ಗುಣಿಸಿದಾಗ ಸಿಗುವ ಸುಮಾರು 0.74. ಹಾಗಾದರೆ ಮೂವತ್ತು ವರ್ಷಗಳಲ್ಲಿ ಒಮ್ಮೆಯಾದರೂ ಬರುವ ಸಾಧ್ಯತೆ ಸುಮಾರು ಶೇ. 26, ಅಂದರೆ ನಾಲ್ಕರಲ್ಲಿ ಒಂದಕ್ಕಿಂತ ತುಸು ಹೆಚ್ಚು. ಮನೆಸಾಲ ತೀರಿಸುವ ಅವಧಿಯೂ ಇಷ್ಟು ದೀರ್ಘವಾಗಿರಬಹುದು. ಜೊತೆಗೆ ಈ ಸಂಖ್ಯೆಗಳು ಹಿಂದಿನ ಮಳೆ ಮತ್ತು ನೀರಿನ ಹರಿವಿನ ದಾಖಲೆಗಳಿಂದ ಬಂದವು. ಹವಾಮಾನ ಬದಲಾದಂತೆ, ಮೇಲ್ದಂಡೆಯ ಕಾಡು ಕಡಿದಂತೆ, ನೆಲಕ್ಕೆ ಕಾಂಕ್ರೀಟು ಹೊದಿಸಿದಂತೆ ಹಳೆಯ "ನೂರು ವರ್ಷ" ಇಂದಿಗೆ ಐವತ್ತೋ ಮೂವತ್ತೋ ಆಗಿರಬಹುದು. ಸಂಖ್ಯೆಯನ್ನು ಬಳಸುವ ಮೊದಲು ಅದು ಯಾವ ವರ್ಷಗಳ ದಾಖಲೆಯಿಂದ ಬಂದದ್ದು ಎಂದು ಕೇಳಿ.

6. ಎರಡು ಅಪಾಯಗಳು ಕೂಡುವ ಜಾಗಗಳನ್ನು ಹುಡುಕಿ

ಈಗ ಆರಂಭದ ಪ್ರಶ್ನೆಗೆ ಉತ್ತರ ಸಿಗುತ್ತದೆ. ಪರಿಸರ ಅಪಾಯವು ಹೆಚ್ಚಾಗಿ ನಿಧಾನವಾಗಿ, ಹಾದಿಯ ಗುಂಟ, ವರ್ಷಾನುಗಟ್ಟಲೆ ಕೂಡಿಬರುವ ಹಾನಿಯ ಲೆಕ್ಕ. ವಿಪತ್ತಿನ ಅಪಾಯವು ಒಂದು ಸಮುದಾಯದ ತಾಳಿಕೆಯನ್ನು ಮೀರಿಸಿ ಅದರ ಬದುಕನ್ನು ಅಸ್ತವ್ಯಸ್ತಗೊಳಿಸುವ ನಷ್ಟದ ಲೆಕ್ಕ. ಬರದಂಥ ನಿಧಾನ ಗಂಡಾಂತರವೂ ವಿಪತ್ತಾಗಬಲ್ಲದು, ವಿಷಾನಿಲ ಸೋರಿಕೆಯಂಥ ಪರಿಸರ ಅಪಘಾತವೂ ಒಂದೇ ರಾತ್ರಿಯಲ್ಲಿ ವಿಪತ್ತಾಗಬಲ್ಲದು. 1984ರ ಡಿಸೆಂಬರ್‌ನಲ್ಲಿ ಭೋಪಾಲದಲ್ಲಿ ಆದದ್ದು ಅದೇ. ಹೀಗಾಗಿ ಎರಡರ ನಡುವೆ ಗೋಡೆಯಿಲ್ಲ, ಆದರೆ ಪ್ರಶ್ನೆಗಳು ಬೇರೆ.

ಕೂಡುವ ಬಗೆ ಎರಡು. ಪರಿಸರ ಹಾಳಾದರೆ ವಿಪತ್ತಿನ ಅಪಾಯ ಏರುತ್ತದೆ: ಕಡಲಂಚಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಕಡಿದ ತೀರಕ್ಕೆ ಅಲೆ ಹೆಚ್ಚು ಬಲದಿಂದ ಅಪ್ಪಳಿಸುತ್ತದೆ, ಜೌಗು ನೆಲ ಮುಚ್ಚಿದ ಊರಿನಲ್ಲಿ ಮಳೆನೀರಿಗೆ ನಿಲ್ಲಲು ಜಾಗವಿರುವುದಿಲ್ಲ. ಇನ್ನೊಂದು, ವಿಪತ್ತು ಹೊಸ ಪರಿಸರ ಅಪಾಯವನ್ನು ಹುಟ್ಟಿಸುತ್ತದೆ. 2011ರ ಮಾರ್ಚ್ 11ರಂದು ಜಪಾನಿನಲ್ಲಿ ಆದ ಭೂಕಂಪದ ಬೆನ್ನಿಗೆ ಬಂದ ಸುನಾಮಿ ಫುಕುಶಿಮಾ ದಾಯ್‌ಇಚಿ ಅಣುಸ್ಥಾವರಕ್ಕೆ ನುಗ್ಗಿ, ಹೊರಗಿನ ವಿದ್ಯುತ್ ಕಡಿದಾಗ ನೆರವಿಗೆ ಬರಬೇಕಿದ್ದ ಡೀಸೆಲ್ ಜನರೇಟರುಗಳನ್ನು ಮುಳುಗಿಸಿತು. ತಂಪುಗೊಳಿಸುವ ವ್ಯವಸ್ಥೆ ನಿಂತು, ವಿಕಿರಣ ಹೊರಬಿದ್ದು, ಲಕ್ಷಕ್ಕೂ ಹೆಚ್ಚು ಜನ ಮನೆ ಬಿಡಬೇಕಾಯಿತು. ನೈಸರ್ಗಿಕ ಗಂಡಾಂತರ ಕೈಗಾರಿಕಾ ಅವಘಡವನ್ನು ಎಬ್ಬಿಸುವ ಇಂಥ ಘಟನೆಗಳಿಗೆ ನ್ಯಾಟೆಕ್ ಎಂಬ ಹೆಸರಿದೆ. ನಿಮ್ಮ ಹಾಳೆಯಲ್ಲಿ ಪ್ರವಾಹದ ಸಾಲಿನ ಪಕ್ಕದಲ್ಲೇ, ಆ ನೀರು ತಲುಪುವ ಗೋದಾಮು, ಇಂಧನ ತೊಟ್ಟಿ, ಕಸದ ಗುಡ್ಡೆ, ಕೊಳಚೆನೀರಿನ ಘಟಕಗಳನ್ನೂ ಬರೆಯಿರಿ. ಇಲಾಖೆಗಳು ಬೇರೆಬೇರೆಯಾದ ಕಾರಣ ಈ ಸಾಲೇ ಹಲವು ವರದಿಗಳಲ್ಲಿ ಬಿಟ್ಟುಹೋಗುತ್ತದೆ.

7. ಅಪಾಯವನ್ನು ಒಂದು ಪೂರ್ಣ ವಾಕ್ಯವಾಗಿ ಬರೆಯಿರಿ

"ಇಲ್ಲಿ ಪ್ರವಾಹದ ಅಪಾಯವಿದೆ" ಎಂಬುದರಿಂದ ಯಾವ ನಿರ್ಧಾರವೂ ಹುಟ್ಟುವುದಿಲ್ಲ. ಹೀಗೆ ಬರೆದು ನೋಡಿ: "ಮುಂದಿನ ಮೂವತ್ತು ವರ್ಷಗಳಲ್ಲಿ, ನದಿ ಮೇಲಿನ ಗುರುತನ್ನು ದಾಟಿ ಹರಿಯುವ ಸಾಧ್ಯತೆ ಸುಮಾರು ನಾಲ್ಕರಲ್ಲಿ ಒಂದು, ಹಾಗೆ ಹರಿದರೆ ತಗ್ಗಿನ ಬೀದಿಯ ಮನೆಗಳಿಗೆ ನೀರು ನುಗ್ಗುತ್ತದೆ, ನಡೆಯಲಾರದ ಹಿರಿಯರಿರುವ ಮನೆಗಳಿಗೆ ರಾತ್ರಿ ಎಚ್ಚರಿಕೆ ಮುಟ್ಟಿಸುವ ವ್ಯವಸ್ಥೆ ಈಗ ಇಲ್ಲ." ಗಂಡಾಂತರ, ಒಡ್ಡಿಕೆ, ದುರ್ಬಲತೆ, ಸಾಮರ್ಥ್ಯ, ಕಾಲಾವಧಿ ಐದೂ ಇದರಲ್ಲಿವೆ, ಮೊದಲು ಏನು ಮಾಡಬೇಕೆಂಬ ಸುಳಿವೂ ಇದೆ.

ಹಲವು ಅಪಾಯಗಳನ್ನು ಹೋಲಿಸಲು ಕಚೇರಿಗಳಲ್ಲಿ ಚೌಕಪಟ್ಟಿ ಬಳಸುತ್ತಾರೆ: ಸಾಧ್ಯತೆಗೆ 1ರಿಂದ 5, ಪರಿಣಾಮಕ್ಕೆ 1ರಿಂದ 5 ಅಂಕ ಕೊಟ್ಟು ಗುಣಿಸುತ್ತಾರೆ. ಚರ್ಚೆ ಆರಂಭಿಸಲು ಅದು ಸಾಕು, ತೀರ್ಮಾನಕ್ಕೆ ಸಾಲದು. ಆಗಾಗ ಬೀದಿಯಲ್ಲಿ ನೀರು ನಿಲ್ಲುವುದಕ್ಕೆ 5 × 1, ಅಪರೂಪಕ್ಕೆ ಅಣೆಕಟ್ಟು ಒಡೆಯುವುದಕ್ಕೆ 1 × 5. ಗುಣಲಬ್ಧ ಎರಡಕ್ಕೂ 5. ಇವು ಬರಿಯ ಕ್ರಮ ಸೂಚಿಸುವ ಅಂಕಗಳಾದ್ದರಿಂದ ಗುಣಾಕಾರಕ್ಕೆ ನಿಜವಾದ ಅರ್ಥವಿಲ್ಲ. ಚೇತರಿಸಿಕೊಳ್ಳಲಾಗದ ನಷ್ಟಗಳನ್ನು ಪಟ್ಟಿಯಿಂದ ಹೊರತೆಗೆದು ಪ್ರತ್ಯೇಕವಾಗಿ ಚರ್ಚಿಸಿ.

8. ಪರಿಹಾರ ಹೊಸ ಅಪಾಯ ತರುವುದೇ ಎಂದು ಪರೀಕ್ಷಿಸಿ

ಯಾವ ಕ್ರಮ ಕೈಗೊಂಡರೂ ಸ್ವಲ್ಪ ಅಪಾಯ ಉಳಿದೇ ಉಳಿಯುತ್ತದೆ. ಅದು ಉಳಿಕೆ ಅಪಾಯ. ನದಿಗೆ ಏರಿ ಕಟ್ಟಿದರೆ ಸಣ್ಣ ಪ್ರವಾಹಗಳು ನಿಲ್ಲುತ್ತವೆ, ಆ ಭರವಸೆಯಲ್ಲಿ ಏರಿಯ ಹಿಂದೆ ಮನೆಗಳು ಏಳುತ್ತವೆ, ಒಂದು ದಿನ ಏರಿ ಒಡೆದರೆ ನಷ್ಟ ಮೊದಲಿಗಿಂತ ದೊಡ್ಡದಾಗುತ್ತದೆ. 2005ರಲ್ಲಿ ಕತ್ರೀನಾ ಚಂಡಮಾರುತದ ವೇಳೆ ಏರಿಗಳು ಒಡೆದು ನ್ಯೂ ಆರ್ಲಿಯನ್ಸ್ ನಗರದ ಸುಮಾರು ಶೇ. 80 ಭಾಗ ಜಲಾವೃತವಾಯಿತು. ವಿಮೆಯನ್ನೂ ಇದೇ ಕಣ್ಣಿನಿಂದ ನೋಡಿ: ಅದು ನಷ್ಟದ ಹೊರೆಯನ್ನು ಹಂಚುತ್ತದೆ, ನಷ್ಟವನ್ನು ತಡೆಯುವುದಿಲ್ಲ.

ಅತ್ಯಂತ ನೋವಿನ ಉದಾಹರಣೆ ಬಾಂಗ್ಲಾದೇಶದ ಕೊಳವೆಬಾವಿಗಳದ್ದು. ಕೆರೆಕೊಳಗಳ ನೀರಿನಿಂದ ಹರಡುತ್ತಿದ್ದ ಭೇದಿ, ಕಾಲರಾ ತಡೆಯಲೆಂದು 1970ರ ದಶಕದಿಂದ ಲಕ್ಷಾಂತರ ಕೈಪಂಪುಗಳನ್ನು ಹಾಕಲಾಯಿತು. ರೋಗಾಣುಗಳ ಹಾದಿ ಕಡಿಯಿತು. ಆದರೆ ನೆಲದಡಿಯ ಕೆಸರುಪದರಗಳಲ್ಲಿದ್ದ ಆರ್ಸೆನಿಕ್ ಆ ಬಾವಿಗಳ ನೀರಿಗೆ ಸೇರಿತ್ತು. ನೀರು ತಿಳಿಯಾಗಿತ್ತು, ರುಚಿಯಲ್ಲಿ ವ್ಯತ್ಯಾಸವಿರಲಿಲ್ಲ. ವರ್ಷಗಳು ಕಳೆದ ಮೇಲೆ ಅಂಗೈ, ಅಂಗಾಲುಗಳಲ್ಲಿ ಗಟ್ಟಿ ಗಂಟುಗಳು ಕಾಣಿಸಿಕೊಂಡವು. 1990ರ ದಶಕದಲ್ಲಿ ವಿಷಯ ಬಯಲಾದ ನಂತರ ಬಾವಿಗಳನ್ನು ಪರೀಕ್ಷಿಸಿ, ಲೀಟರಿಗೆ 50 ಮೈಕ್ರೋಗ್ರಾಂ ಮೀರಿದ ಪಂಪಿನ ಮೂತಿಗೆ ಕೆಂಪು, ಉಳಿದವಕ್ಕೆ ಹಸಿರು ಬಣ್ಣ ಬಳಿಯಲಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ 10 ಮೈಕ್ರೋಗ್ರಾಂ ಎಂಬುದನ್ನು ನೆನಪಿಟ್ಟರೆ, ಹಸಿರು ಬಣ್ಣದ ಪಂಪಿನಲ್ಲೂ ಉಳಿಕೆ ಅಪಾಯ ಎಷ್ಟಿರಬಹುದೆಂದು ತಿಳಿಯುತ್ತದೆ. ಹಾಗೆಂದು ಕೈಪಂಪು ಹಾಕಿದ್ದೇ ತಪ್ಪು ಎನ್ನಲಾಗದು. ನೀರನ್ನು ರೋಗಾಣುಗಳಿಗಷ್ಟೇ ಅಲ್ಲದೆ ಆರ್ಸೆನಿಕ್‌ನಂಥ ವಿಷಗಳಿಗೂ ಪರೀಕ್ಷಿಸುವ ಒಂದು ಹೆಜ್ಜೆ ಬಿಟ್ಟುಹೋಗಿತ್ತು.

ನಿಮ್ಮ ಹಾಳೆಯ ಪ್ರತಿ ಪರಿಹಾರದ ಮುಂದೆ ಮೂರು ಪ್ರಶ್ನೆ ಬರೆಯಿರಿ: ಇದು ಯಾವ ಕೊಂಡಿಯನ್ನು ಕಡಿಯುತ್ತದೆ? ಇದು ವಿಫಲವಾದರೆ ಮೊದಲು ನಷ್ಟ ಯಾರಿಗೆ? ಇದರಿಂದ ಯಾವ ಹೊಸ ಹಾದಿ ತೆರೆಯುತ್ತದೆ? ಮೂರನೆಯದಕ್ಕೆ ಉತ್ತರ ಹೊಳೆಯದಿದ್ದರೆ ಆ ಜಾಗದಲ್ಲಿ ಬಹುಕಾಲ ಬದುಕಿದವರನ್ನು ಕೇಳಿ; ಹಳೆಯ ನೀರಿನ ಗುರುತು, ಮುಚ್ಚಿಹೋದ ಕಾಲುವೆ, ಮೊದಲು ಕಸ ಸುರಿಯುತ್ತಿದ್ದ ತಗ್ಗು ಇವು ನಕ್ಷೆಗಿಂತ ಮೊದಲು ಅವರ ನೆನಪಿನಲ್ಲಿರುತ್ತವೆ. ಹಾಳೆಯ ಮೂಲೆಯಲ್ಲಿ ಇಂದಿನ ದಿನಾಂಕ ಹಾಕಿ. ಹೊಸ ಬಡಾವಣೆ, ಹೊಸ ಕಾರ್ಖಾನೆ ಅಥವಾ ಹೊಸ ಅಳತೆ ಬಂದಾಗಲೆಲ್ಲ ಎರಡನೇ ಹಂತದಿಂದ ಮತ್ತೆ ಲೆಕ್ಕ ಹಾಕಿ.